ಬಾಣಂತಿಯ ಉದರಬಲದ ಪುನಃಸ್ಥಾಪನೆ: ಒಂದು ಚಾರಿತ್ರಿಕ ಪರಿಶೀಲನೆ

ದಾನದತ್ತಿಗಳನ್ನೂ ದಂಡಯಾತ್ರೆಗಳನ್ನೂ ಎಚ್ಚರದಿಂದ ದಾಖಲಿಸಿದ ಸಮಾಜಗಳು, ಹೆತ್ತ ಹೆಂಗಸು ಮತ್ತೆ ಎಂದು ನೀರಿನ ಕೊಡವನ್ನೆತ್ತಿದಳೆಂಬುದನ್ನು ಬರೆದಿಡುವ ಗೋಜಿಗೆ ಹೋಗಲಿಲ್ಲ. ಈ ವಿಷಯದಲ್ಲಿ ನಮಗೆ ದೊರೆಯುವ ಪ್ರಾಚೀನ ಆಧಾರಗಳು ಬಹುಮಟ್ಟಿಗೆ ವೈದ್ಯಗ್ರಂಥಗಳೇ ಆಗಿವೆ. ಅವುಗಳ ಕರ್ತೃಗಳು ಗಂಡಸರು. ಕೈಕೆಲಸ ಮಾಡಿದವರು ಹೆಂಗಸರು. ಈ ಅಂತರವನ್ನು ನೆನಪಿನಲ್ಲಿಟ್ಟುಕೊಂಡೇ ಆಧಾರಗಳನ್ನು ಓದಬೇಕಾಗುತ್ತದೆ. ಸಡಿಲಗೊಂಡ ಉದರವನ್ನು ಹೊರಗಿನಿಂದ ಬಿಗಿಯುವ ಪದ್ಧತಿಯು ಒಳಗಿನ ಸ್ನಾಯುವಿಗೇ ಕೆಲಸ ಕೊಡುವ ಪದ್ಧತಿಯಾಗಿ ಹೇಗೆ ಪರಿಣಮಿಸಿತು, ಈ ನಡುವೆ ‘ಅಪಾಯರಹಿತ’ ಎಂಬ ಮಾತಿನ ಅರ್ಥ ಎಷ್ಟು ಬಾರಿ ಬದಲಾಯಿತು ಎಂಬುದನ್ನು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ಶರೀರದ ಸಂಗತಿಯನ್ನು ಸ್ವಲ್ಪದರಲ್ಲಿ ಹೇಳಬೇಕು. ಹೊಟ್ಟೆಯ ಮುಂಭಾಗದಲ್ಲಿ ಎದೆಯಿಂದ ಕೆಳಕ್ಕೆ ಇಳಿಯುವ ಎರಡು ನೀಳ ಸ್ನಾಯುಗಳಿವೆ. ಇವುಗಳ ನಡುವೆ ಬಿಳಿಯ ತಂತುಗಳ ಒಂದು ಸಂಧಿಯಿದೆ. ಇದನ್ನು ಶ್ವೇತರೇಖೆಯೆಂದು ಕರೆಯಬಹುದು. ಗರ್ಭವು ಬೆಳೆದಂತೆಲ್ಲ ಈ ರೇಖೆ ಅಗಲವಾಗಿ ಸ್ನಾಯುಗಳು ಪರಸ್ಪರ ದೂರ ಸರಿಯುತ್ತವೆ. ಪ್ರಸವವಾದೊಡನೆ ಅವು ಸ್ವಸ್ಥಾನಕ್ಕೆ ಮರಳುವುದಿಲ್ಲ. ಬಾಣಂತಿಯ ಹೊಟ್ಟೆ ಜೋಲುವುದಕ್ಕೂ ಏಳುವಾಗ ನಡುವೆ ಉಬ್ಬು ಕಾಣಿಸುವುದಕ್ಕೂ ಇದೇ ಮುಖ್ಯ ಕಾರಣ.

ಈ ಸಡಿಲಿಕೆಯನ್ನು ಭಾರತೀಯ ವೈದ್ಯರು ಗಮನಿಸಿದ್ದರೆಂಬುದರಲ್ಲಿ ಸಂದೇಹವಿಲ್ಲ. ಚರಕಸಂಹಿತೆಯ ಶಾರೀರಸ್ಥಾನದ ಎಂಟನೆಯ ಅಧ್ಯಾಯದಲ್ಲಿ ಸೂತಿಕೆಯ ಉಪಚಾರವು ವಿವರಿಸಲ್ಪಟ್ಟಿದೆ. ಹಸಿವು ತೋರಿದ ಮೇಲೆ ಪಿಪ್ಪಲಿ, ಶುಂಠಿ ಮೊದಲಾದವುಗಳ ಚೂರ್ಣದೊಡನೆ ತುಪ್ಪವನ್ನೋ ಎಣ್ಣೆಯನ್ನೋ ಕುಡಿಸಿ, ಉದರಕ್ಕೆ ಸ್ನೇಹವನ್ನು ಲೇಪಿಸಿ, ಶುಭ್ರವಾದ ದೊಡ್ಡ ವಸ್ತ್ರದಿಂದ ಸುತ್ತಬೇಕೆಂದು ಅಲ್ಲಿ ವಿಧಿಸಲಾಗಿದೆ. ವಿಧಿಗಿಂತ ಅದಕ್ಕೆ ಕೊಟ್ಟಿರುವ ಕಾರಣವೇ ನಮಗೆ ಹೆಚ್ಚು ಮುಖ್ಯವಾದುದು. ಗರ್ಭವು ಹೊರಬಂದ ಮೇಲೆ ಉಳಿಯುವ ತೆರಪಿನಲ್ಲಿ ವಾಯುವು ಸೇರಿ ವಿಕಾರವನ್ನುಂಟುಮಾಡದಿರಲೆಂದು, ಅದಕ್ಕೆ ಅವಕಾಶವೇ ಇಲ್ಲದಂತೆ ಮಾಡುವುದು ಆ ಬಂಧನದ ಪ್ರಯೋಜನ. ಗರ್ಭದ ವೃದ್ಧಿಯಿಂದ ಸೂತಿಕೆಯ ಧಾತುಗಳೆಲ್ಲ ಕ್ಷೀಣಿಸಿ ಶಿಥಿಲವಾಗಿರುವುದರಿಂದ ಆಕೆಗೆ ಬಂದ ವ್ಯಾಧಿ ಕಷ್ಟಸಾಧ್ಯವೆಂಬ ಮಾತೂ ಮುಂದೆ ಬರುತ್ತದೆ. ಎಂದರೆ ಶೈಥಿಲ್ಯವನ್ನು ಕಂಡುಕೊಂಡಿದ್ದರು. ಆದರೆ ಉದರಕ್ಕೆ ವಿಧಿಸಿದ ಪರಿಹಾರ ಲೇಪನ ಮತ್ತು ವಸ್ತ್ರಗಳದು, ಸ್ನಾಯುವಿನ ಶ್ರಮದ್ದಲ್ಲ. ಸುಶ್ರುತಸಂಹಿತೆಯಂತೂ ಆಯಾಸವನ್ನು ಸ್ಪಷ್ಟವಾಗಿ ವರ್ಜಿಸುತ್ತದೆ. ಒಂದೂವರೆ ತಿಂಗಳು ಕಳೆದ ಬಳಿಕ ಸೂತಿಕೆಯೆಂಬ ಹೆಸರು ನೀಗುವುದೆಂದೂ, ಕೆಲವರ ಮತದಲ್ಲಿ ಮತ್ತೆ ಋತುದರ್ಶನವಾಗುವವರೆಗೂ ಅದು ಸಲ್ಲುವುದೆಂದೂ ಅಲ್ಲಿ ಹೇಳಿದೆ. ಇಂದಿನ ವೈದ್ಯರ ಆರು ವಾರಗಳ ತಪಾಸಣೆಗೆ ಇದು ಬಹಳ ಹತ್ತಿರವಾಗಿದೆಯಾದರೂ, ಅಷ್ಟರಿಂದಲೇ ಆಧುನಿಕ ವಿಜ್ಞಾನವೆಲ್ಲವನ್ನೂ ಸಂಹಿತೆಗಳಲ್ಲಿ ಕಾಣಲು ಹೊರಡುವುದು ಚರಿತ್ರಕಾರನಿಗೆ ಶೋಭಿಸದು.

ಕನ್ನಡನಾಡಿನ ಬಾಣಂತನದ ಪದ್ಧತಿಯು ಈ ಪರಂಪರೆಗೆ ಸಮೀಪವಾದುದು. ಎಣ್ಣೆಯುಜ್ಜಿ, ಹಂಡೆಯ ಬಿಸಿನೀರೆರೆದು, ಹಳೆಯ ಸೀರೆಯನ್ನು ಮಡಿಸಿ ಹೊಟ್ಟೆಗೆ ಬಿಗಿಯುವ ಕ್ರಮವನ್ನು ಬಲ್ಲವರು ಇಂದಿಗೂ ಹಳ್ಳಿಗಳಲ್ಲಿ ಮಾತ್ರವಲ್ಲದೆ ನಗರಗಳಲ್ಲಿಯೂ ಇದ್ದಾರೆ. ಅಜ್ಜಿಯರ ಬಾಯಲ್ಲಿ ಹೊಟ್ಟೆ ಕಟ್ಟಿಸಿಕೊಳ್ಳದವಳಿಗೆ ವಾಯು ತುಂಬುವುದೆಂಬ ಮಾತು ಚರಕನ ಕಾರಣವನ್ನೇ ಹೋಲುತ್ತದೆ. ಗ್ರಂಥದಿಂದ ಮನೆಗೆ ಬಂದಿತೋ ಮನೆಯಿಂದ ಗ್ರಂಥಕ್ಕೆ ಹೋಯಿತೋ ಎಂದು ಕೇಳಿದರೆ, ಎರಡನೆಯದೇ ಹೆಚ್ಚು ಸಂಭಾವ್ಯವೆಂದು ನನ್ನ ಅಭಿಪ್ರಾಯ. ಚೊಚ್ಚಲು ಬಾಣಂತಿಗೆ ತವರಿನಲ್ಲಿ ತಿಂಗಳುಗಟ್ಟಲೆ ದೊರೆಯುತ್ತಿದ್ದ ವಿಶ್ರಾಂತಿ, ಕಳೆ ಕೀಳುವ ಕೂಲಿಯವಳಿಗೆ ದೊರೆಯುತ್ತಿರಲಿಲ್ಲವೆಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು.

ಯುರೋಪಿನಲ್ಲಿಯೂ ಸ್ಥಿತಿ ಬಹಳ ಭಿನ್ನವಾಗಿರಲಿಲ್ಲ. ಅಲ್ಲಿಯೂ ಹೊಟ್ಟೆಗೆ ಪಟ್ಟಿ ಬಿಗಿದು, ಅನುಕೂಲವುಳ್ಳ ಮನೆಗಳಲ್ಲಿ ಬಾಣಂತಿಯನ್ನು ಹಲವು ದಿನ ಹಾಸಿಗೆಯಲ್ಲಿಯೇ ಇರಿಸುತ್ತಿದ್ದರು. ಮ್ಯಾಂಚೆಸ್ಟರಿನ ವೈದ್ಯ ಚಾರ್ಲ್ಸ್ ವೈಟ್ 1773ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಗಾಳಿಬೆಳಕುಗಳ ಕೋಣೆ, ಒರಗಿ ಕುಳಿತ ಭಂಗಿ, ಬೇಗ ಹಾಸಿಗೆ ಬಿಟ್ಟೇಳುವುದು ಇವುಗಳ ಪರವಾಗಿ ವಾದಿಸಿದನು. ಆದರೂ ದೀರ್ಘಶಯನದ ನಿಯಮವು ಇಪ್ಪತ್ತನೆಯ ಶತಮಾನದಲ್ಲಿಯೂ ಆಸ್ಪತ್ರೆಗಳಲ್ಲಿ ನಡೆದುಬಂದಿತು. ಅದನ್ನು ಸಡಿಲಿಸಿದ್ದು ಕೇವಲ ವಾದವಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಹಾಸಿಗೆಗಳಿಗೂ ದಾದಿಯರಿಗೂ ಕೊರತೆಯುಂಟಾಗಿ ಬಾಣಂತಿಯರನ್ನು ಬೇಗ ಎಬ್ಬಿಸಬೇಕಾಯಿತು; ಅದರಿಂದ ಶಂಕಿಸಿದ ಕೇಡು ತೋರಲಿಲ್ಲ. ಚಲನೆಯಿಲ್ಲದೆ ಮಲಗಿರುವುದರಿಂದಲೇ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಹೆಚ್ಚೆಂಬುದೂ ಮನವರಿಕೆಯಾಯಿತು.

ಸ್ನಾಯುವಿಗೇ ಕೆಲಸ ಕೊಡಬೇಕೆಂಬ ವಿಚಾರಕ್ಕೆ ಆಸ್ಪತ್ರೆಯಲ್ಲಿ ಕ್ರಮಬದ್ಧವಾದ ರೂಪ ಬಂದದ್ದು ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ. 1912ರಲ್ಲಿ ಅಲ್ಲಿಯ ಪ್ರಸೂತಿ ವೈದ್ಯ ಫೇರ್‌ಬೇರ್ನ್, ಅಂಗಮರ್ದನ ಶಾಲೆಯ ಮುಖ್ಯಸ್ಥೆಯಾಗಿದ್ದ ಮಿನ್ನಿ ರ‍್ಯಾಂಡೆಲ್ ಅವರನ್ನು ಬಾಣಂತಿಯರು ಹಾಸಿಗೆಯಲ್ಲಿದ್ದುಕೊಂಡೇ ಮಾಡಬಹುದಾದ ವ್ಯಾಯಾಮಗಳನ್ನು ರೂಪಿಸುವಂತೆ ಕೇಳಿಕೊಂಡನು. ಆಕೆ ದಾದಿ, ಸೂಲಗಿತ್ತಿಯ ಕಸುಬನ್ನೂ ಬಲ್ಲವಳು. ಇಂಗ್ಲೆಂಡಿನಲ್ಲಿ ಅಂಗಮರ್ದನ ವೃತ್ತಿಗೆ 1894ರಲ್ಲಿ ಸಂಘವನ್ನು ಕಟ್ಟಿದವರೂ ದಾದಿಯರೇ ಎಂಬುದು ಗಮನಾರ್ಹ. ವಿಶ್ರಾಂತಿಯೂ ಪುನಃಸ್ಥಾಪನೆಯೂ ಪರಸ್ಪರ ವಿರುದ್ಧವಲ್ಲ, ಒಂದರೊಡನೊಂದು ನಡೆಯತಕ್ಕವು ಎಂಬುದು ಫೇರ್‌ಬೇರ್ನನ ನಿಲುವಾಗಿತ್ತು. ನೃತ್ಯಕಲಾವಿದೆ ಮಾರ್ಗರೆಟ್ ಮಾರಿಸ್ 1936ರಲ್ಲಿ ಪ್ರಸೂತಿ ವ್ಯಾಯಾಮಗಳ ಪುಸ್ತಕವನ್ನು ಪ್ರಕಟಿಸಿದಳು. 1939ರಲ್ಲಿ ರ‍್ಯಾಂಡೆಲಳ ಪುಸ್ತಕ ಬಂದಿತು. ನನ್ನ ದೃಷ್ಟಿಯಲ್ಲಿ ಈ ಚರಿತ್ರೆಯ ನಿಜವಾದ ತಿರುವು ಇದೇ. ಅಲ್ಲಿಯವರೆಗೆ ಉಪಚಾರಕ್ಕೆ ಒಳಗಾಗುವವಳಾಗಿದ್ದ ಬಾಣಂತಿ ಇಲ್ಲಿ ಉಪಚಾರವನ್ನು ತಾನೇ ನಡೆಸುವವಳಾದಳು.

ಮುಂದಿನ ಸಂಗತಿಗಳು ವೇಗವಾಗಿ ಸಾಗುತ್ತವೆ. 1948ರಲ್ಲಿ ಅಮೆರಿಕದ ಆರ್ನಾಲ್ಡ್ ಕೆಗೆಲ್ ಶ್ರೋಣಿತಲದ ಸ್ನಾಯುಗಳನ್ನು ಸಂಕೋಚಿಸಿ ಬಲಪಡಿಸುವ ವಿಧಾನವನ್ನು ಪ್ರಕಟಿಸಿದನು. ಉದರದ ತಳವೇ ಸಡಿಲವಾಗಿರುವಾಗ ಮುಂಗೋಡೆಯನ್ನು ಮಾತ್ರ ಬಿಗಿಗೊಳಿಸುವುದು ಪ್ರಯೋಜನವಿಲ್ಲವೆಂಬ ಅರಿವು ಇದರಿಂದ ಬೆಳೆಯಿತು. 1976ರಲ್ಲಿ ಎಲಿಜಬೆತ್ ನೋಬಲ್ ತನ್ನ ಪುಸ್ತಕದಲ್ಲಿ, ಬಾಣಂತಿಯು ತೋಳುಗಳನ್ನು ಅಡ್ಡಹಾಯಿಸಿ ಎರಡೂ ಸ್ನಾಯುಗಳನ್ನು ಕೈಗಳಿಂದ ನಡುವಿಗೆ ಒತ್ತಿಹಿಡಿದು, ಉಸಿರು ಬಿಡುತ್ತ ತಲೆಯನ್ನಷ್ಟೇ ಮೆಲ್ಲನೆ ಎತ್ತುವ ಕ್ರಮವನ್ನು ತಿಳಿಸಿದಳು. ಹೊರಗಿನ ಬಂಧನವೂ ಒಳಗಿನ ಶ್ರಮವೂ ಒಂದೇ ಕ್ರಿಯೆಯಲ್ಲಿ ಕೂಡಿದ್ದು ಇಲ್ಲಿ. 1996ರಲ್ಲಿ ಆಸ್ಟ್ರೇಲಿಯದ ಹಾಜಸ್ ಮತ್ತು ರಿಚರ್ಡ್‌ಸನ್ ಎಂಬುವರು, ಕೈಯನ್ನೆತ್ತುವ ಮೊದಲೇ ಹೊಟ್ಟೆಯ ಒಳಪದರದ ಅಡ್ಡಸ್ನಾಯು ಬಿಗಿಯುವುದೆಂದೂ ಬೆನ್ನುನೋವಿನವರಲ್ಲಿ ಇದು ತಡವಾಗುವುದೆಂದೂ ತೋರಿಸಿದರು. ಈ ಶೋಧನೆಯಿಂದ ಒಳಪದರಕ್ಕೆ ಪ್ರಾಶಸ್ತ್ಯ ಬಂದಿತು. ಆದರೆ ಅದರ ಜೊತೆಗೆ ಒಂದು ಹೊಸ ನಿಷೇಧವೂ ಬೇರೂರಿತು: ತಲೆಯನ್ನೂ ಹೆಗಲನ್ನೂ ಎತ್ತುವ ವ್ಯಾಯಾಮವನ್ನು ಬಾಣಂತಿ ಮುಟ್ಟಲೇಬಾರದು, ಮುಟ್ಟಿದರೆ ಬಿರುಕು ಹಿಗ್ಗುವುದು ಎಂದು.

ಈ ನಿಷೇಧಕ್ಕೆ ಆಧಾರವು ಎಣಿಸಿದಷ್ಟು ಗಟ್ಟಿಯಾಗಿರಲಿಲ್ಲ. 2016ರಲ್ಲಿ ಪ್ರಕಟವಾದ ನಾರ್ವೆಯ ಅಧ್ಯಯನವೊಂದರಲ್ಲಿ 300 ಮಂದಿ ಚೊಚ್ಚಲು ತಾಯಂದಿರನ್ನು ಪರೀಕ್ಷಿಸಲಾಯಿತು. ಹೆರಿಗೆಯಾದ ಆರು ವಾರಗಳಲ್ಲಿ ಶೇಕಡ 60ರಷ್ಟು, ಆರು ತಿಂಗಳಲ್ಲಿ ಶೇಕಡ 45ರಷ್ಟು, ವರ್ಷದ ಕೊನೆಗೆ ಶೇಕಡ 33ರಷ್ಟು ಮಂದಿಯಲ್ಲಿ ಸ್ನಾಯುಗಳ ಬಿರುಕು ಕಂಡುಬಂದಿತು. ಬಿರುಕುಳ್ಳವರಲ್ಲಿ ಬೆನ್ನುನೋವು ಇತರರಿಗಿಂತ ಹೆಚ್ಚಿರಲಿಲ್ಲ. 2023ರಲ್ಲಿ ನಾರ್ವೆಯಿಂದಲೇ ಬಂದ ಮತ್ತೊಂದು ಪ್ರಯೋಗದಲ್ಲಿ, ಬಿರುಕುಳ್ಳ 70 ಮಂದಿಯ ಪೈಕಿ ಒಂದು ಗುಂಪಿಗೆ 12 ವಾರಗಳ ಕಾಲ ತಲೆಯೆತ್ತುವ ವ್ಯಾಯಾಮಗಳನ್ನೇ ಮಾಡಿಸಲಾಗಿ, ಬಿರುಕು ಹಿಗ್ಗಲಿಲ್ಲ, ಬಲ ಹೆಚ್ಚಿತು. ಇದರ ಅರ್ಥ ಹೆತ್ತ ಮರುವಾರವೇ ದಂಡ ಹೊಡೆಯಬೇಕೆಂದಲ್ಲ. ಆ ಪ್ರಯೋಗದಲ್ಲಿ ಭಾಗವಹಿಸಿದವರು ಹೆರಿಗೆಯಾಗಿ ಆರು ತಿಂಗಳಾದರೂ ಕಳೆದವರು. ಇಂದು ಸಾಮಾನ್ಯವಾಗಿ ಅನುಸರಿಸುವ ಕ್ರಮದಲ್ಲಿ, ಸಹಜ ಹೆರಿಗೆಯಾದವಳು ಮೊದಲ ದಿನಗಳಲ್ಲಿಯೇ ದೀರ್ಘಶ್ವಾಸ, ಶ್ರೋಣಿತಲದ ಸಂಕೋಚ, ಸ್ವಲ್ಪ ನಡಿಗೆ ಇವುಗಳಿಂದ ಆರಂಭಿಸಬಹುದು. ಭಾರವನ್ನೂ ಶ್ರಮವನ್ನೂ ವಾರವಾರಕ್ಕೆ ಏರಿಸಬೇಕು. ಓಟಕ್ಕೆ ಮೂರು ತಿಂಗಳಾದರೂ ಕಾಯಬೇಕೆಂದು 2019ರಲ್ಲಿ ಬ್ರಿಟನ್ನಿನ ಫಿಸಿಯೋಥೆರಪಿ ತಜ್ಞರು ಸೂಚಿಸಿದರು. ಸಿಸೇರಿಯನ್ ಆದವಳು ಗಾಯ ಮಾಯುವುದನ್ನು ನೋಡಿಕೊಂಡು, ವೈದ್ಯರ ಅನುಮತಿ ಪಡೆದೇ ಮುಂದುವರಿಯತಕ್ಕದ್ದು. ನೋವು, ಹೆಚ್ಚಿದ ರಕ್ತಸ್ರಾವ, ಮೂತ್ರ ಜಿನುಗುವುದು, ಕೆಳಕ್ಕೆ ಜಗ್ಗಿದಂತಾಗುವುದು ಇವು ಶ್ರಮವನ್ನು ನಿಲ್ಲಿಸಿ ತಜ್ಞರನ್ನು ಕಾಣಬೇಕೆಂಬುದರ ಲಕ್ಷಣಗಳು. ಪಟ್ಟಿಯು ಕೆಲವರಿಗೆ, ಅದರಲ್ಲಿಯೂ ಶಸ್ತ್ರಚಿಕಿತ್ಸೆಯಾದವರಿಗೆ, ಏಳುವಾಗ ಆಸರೆಯಾಗಬಹುದು. ಅದು ಸ್ನಾಯುವಿನ ಬದಲಿಗೆ ದುಡಿಯಲಾರದು.

ಇವೆಲ್ಲಕ್ಕೂ ಕಾಲಾವಕಾಶ ಬೇಕು. ಕಾಲಾವಕಾಶವು ವೈದ್ಯಶಾಸ್ತ್ರಕ್ಕಿಂತ ಆರ್ಥಿಕ ಚರಿತ್ರೆಗೆ ಹೆಚ್ಚು ಸೇರಿದುದು. ಭಾರತದಲ್ಲಿ 1961ರ ಹೆರಿಗೆ ಸೌಲಭ್ಯ ಕಾಯಿದೆಯು 12 ವಾರಗಳ ವೇತನಸಹಿತ ರಜೆಯನ್ನು ಕೊಟ್ಟಿತು. 2017ರ ತಿದ್ದುಪಡಿ ಅದನ್ನು 26 ವಾರಗಳಿಗೆ ಏರಿಸಿತು. ಹೊಲಗೆಲಸದವಳಿಗೂ ಕಟ್ಟಡದ ಕಲ್ಲು ಹೊರುವವಳಿಗೂ ಆ ರಜೆ ಬಹುಮಟ್ಟಿಗೆ ಎಟುಕಲಿಲ್ಲ. ಅವಳ ಉದರದ ವಿಚಾರವನ್ನು ಸಂಹಿತೆಗಳಾಗಲಿ ಲಂಡನ್ನಿನ ಆಸ್ಪತ್ರೆಯ ದಾಖಲೆಗಳಾಗಲಿ ನಮಗೆ ತಿಳಿಸವು. ಅದನ್ನು ಬಲ್ಲವರು ಸೂಲಗಿತ್ತಿಯರು. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಪ್ರಶಸ್ತಿ ದೊರೆಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಅವರ ಪೀಳಿಗೆಯವರು ಹೊಟ್ಟೆಯನ್ನು ಎಷ್ಟು ಬಿಗಿಯಾಗಿ, ಎಷ್ಟು ದಿನ ಕಟ್ಟುತ್ತಿದ್ದರು, ಯಾವ ಕೆಲಸಕ್ಕೆ ಯಾವಾಗ ಅನುಮತಿ ಕೊಡುತ್ತಿದ್ದರು ಎಂಬುದನ್ನು ಜಿಲ್ಲೆಜಿಲ್ಲೆಯಲ್ಲಿ ಕೇಳಿ ಬರೆದುಕೊಳ್ಳುವ ಕಾರ್ಯಕ್ಕೆ ಉಳಿದಿರುವ ಕಾಲ ಸ್ವಲ್ಪವೇ.