ಪರದೆ ಸಿಗದ ಚಿತ್ರಗಳು
ದಾವಣಗೆರೆಯ ವಿನೋಬನಗರದ ಪ್ರೇಕ್ಷಕ ಯಾವ ಕನ್ನಡ ಚಿತ್ರ ನೋಡಬೇಕೆಂಬುದು ಬಹುಕಾಲ ಬೆಂಗಳೂರಿನ ಗಾಂಧಿನಗರದಲ್ಲೇ ತೀರ್ಮಾನವಾಗುತ್ತಿತ್ತು. ಅಲ್ಲಿನ ಹಂಚಿಕೆದಾರರು ರಾಜ್ಯವನ್ನು ಏರಿಯಾಗಳಾಗಿ ಹಂಚಿಕೊಂಡಿದ್ದರು. ತಾರೆಯಿಲ್ಲದ ಚಿತ್ರಕ್ಕೆ ಮುಂಗಡ ಹುಟ್ಟುವುದೇ ಕಷ್ಟ, ಚಿತ್ರಮಂದಿರದ ಬಾಡಿಗೆಯೂ ನಿರ್ಮಾಪಕನ ತಲೆಗೇ. ‘ಸಂಸ್ಕಾರ’ (1970), ‘ಘಟಶ್ರಾದ್ಧ’ (1977) ರಾಷ್ಟ್ರದ ಅತ್ಯುತ್ತಮ ಚಿತ್ರಗಳೆನಿಸಿದವು. ಆದರೆ ಪದಕವೊಂದೇ ಊರೂರಿನಲ್ಲಿ ಪರದೆ ಕೊಡಿಸಲಾರದು.

ಜನ ಇಂಥವನ್ನು ನೋಡುವುದಿಲ್ಲ ಎಂಬುದು ಪ್ರದರ್ಶಕರ ಹಳೆಯ ವಾದ. ಕರೆಂಟು, ಸಂಬಳ ತೂಗಿಸಬೇಕಾದವರ ಭಯ ಸುಳ್ಳಲ್ಲ. ಆದರೂ ಕೆ.ವಿ. ಸುಬ್ಬಣ್ಣನವರ ರಂಗಸಂಸ್ಥೆ ನೀನಾಸಂ 1973ರಲ್ಲಿ ಹೆಗ್ಗೋಡಿನಲ್ಲಿ ಚಿತ್ರಸಮಾಜ ಕಟ್ಟಿ, ‘ಪಥೇರ್ ಪಾಂಚಾಲಿ’ಯಂಥ ಚಿತ್ರಗಳನ್ನು ಹಳ್ಳಿಗರಿಗೆ ತೋರಿಸಿದಾಗ ಅವರು ಕೂತು ನೋಡಿದರು, ಚರ್ಚಿಸಿದರು. ಅಭಿರುಚಿ ಅಲ್ಲಿತ್ತು, ತೋರಿಸುವವರು ಬೇಕಿತ್ತು. ಮುಂದೆ 2013ರ ಕನ್ನಡ ಚಿತ್ರ ‘ಲೂಸಿಯಾ’ಕ್ಕೆ ಪ್ರೇಕ್ಷಕರೇ ಹಣವನ್ನೂ ಕೂಡಿಸಿದರು. ಉಳಿದಿರುವುದು ಪರದೆಯ ಕೊರತೆ. ದಾವಣಗೆರೆ, ಹರಿಹರದ ಕಾಲೇಜುಗಳು ತಿಂಗಳಿಗೊಂದು ಸಂಜೆ ತಮ್ಮ ಸಭಾಂಗಣವನ್ನು ಇಂಥ ಚಿತ್ರಗಳಿಗೆ ಬಿಟ್ಟುಕೊಡಲಿ.