ಬಾಲ್ಯಶ್ರವಣದ ಪ್ರಾಮಾಣ್ಯ: ಹಂಗೇರಿಯ ಭೋಜನಗೃಹಗಳ ವಾದ್ಯಗಾರರು

ಚರಿತ್ರೆಯ ಆಕರಗಳನ್ನು ಎಣಿಸುವಾಗ ನಾವು ಶಾಸನ, ನಾಣ್ಯ, ಕಾಗದಪತ್ರಗಳಿಗೆ ಮೊದಲ ಮಣೆ ಹಾಕುತ್ತೇವೆ. ಬಾಲ್ಯದಲ್ಲಿ ಕಿವಿಗೆ ಬಿದ್ದ ನಾದದ ನೆನಪನ್ನು ಆಕರವೆಂದು ಗಣಿಸುವವರು ವಿರಳ. ಆದರೆ ಊಟದ ಮನೆಗಳಲ್ಲಿ ಗಿರಾಕಿಗಳ ಮನರಂಜನೆಗಾಗಿ ನುಡಿಸಿದವರ ವಿಷಯದಲ್ಲಿ ಅಂತಹ ನೆನಪನ್ನು ಬಿಟ್ಟರೆ ಉಳಿಯುವ ಸಾಮಗ್ರಿ ಅತ್ಯಲ್ಪ. ಈ ನೆನಪಿನ ಪ್ರಾಮಾಣ್ಯವೆಷ್ಟೆಂಬುದನ್ನು ಹಂಗೇರಿಯ ಒಂದು ನಿದರ್ಶನದಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹದಿನೆಂಟನೆಯ ಶತಮಾನದ ಉತ್ತರಾರ್ಧದಿಂದ ಹಂಗೇರಿಯ ಛತ್ರ, ಪಾನಗೃಹಗಳಲ್ಲಿಯೂ ಮುಂದೆ ನಗರಗಳ ಕಾಫಿಗೃಹಗಳಲ್ಲಿಯೂ ವಾದನವು ಬಹುಮಟ್ಟಿಗೆ ರೋಮಾ ಜನರ, ಎಂದರೆ ಜಿಪ್ಸಿಗಳ, ಕುಲವೃತ್ತಿಯಾಯಿತು. ಮೇಳದ ನಾಯಕನು ಪಿಟೀಲು ನುಡಿಸುವನು. ಇನ್ನೊಂದು ಪಿಟೀಲು, ಕ್ಲಾರಿನೆಟ್, ಮಂದ್ರಸ್ವರದ ದೊಡ್ಡ ತಂತೀವಾದ್ಯ, ಕೋಲುಗಳಿಂದ ಬಾರಿಸುವ ಸಿಂಬಲೊಮ್ ಅವನಿಗೆ ಒತ್ತಾಸೆ. ಸೈನ್ಯಕ್ಕೆ ಆಳುಗಳನ್ನು ಸೇರಿಸಿಕೊಳ್ಳಲು ಬಂದವರು ಕುಣಿಯುತ್ತಿದ್ದ ‘ವೆರ್ಬುಂಕೋಶ್’ ನೃತ್ಯಕ್ಕೂ ಇವರದೇ ವಾದನ.

ಈ ಸಂಗೀತ ಯಾರದೆಂಬ ವಿವಾದ ದೀರ್ಘವಾದುದು. ಫ್ರಾಂಜ್ ಲಿಸ್ಟನು ೧೮೫೯ರ ತನ್ನ ಗ್ರಂಥದಲ್ಲಿ ಅದು ಜಿಪ್ಸಿಗಳದೇ ಎಂದು ಸಾರಿದನು. ಬೇಲಾ ಬಾರ್ಟೋಕನಾದರೋ ೧೯೩೧ರಲ್ಲಿ, ಅದು ಹಂಗೇರಿಯನ್ನರು ರಚಿಸಿದುದೆಂದೂ ಜಿಪ್ಸಿಗಳು ನುಡಿಸುವವರು ಮಾತ್ರವೆಂದೂ ವಾದಿಸಿದನು. ಬಾರ್ಟೋಕನ ಸಹೋದ್ಯೋಗಿ ಝೋಲ್ತಾನ್ ಕೊದಾಯ್ (೧೮೮೨–೧೯೬೭) ೧೯೦೫ರಲ್ಲಿ ಹಳ್ಳಿಗಳಿಗೆ ಹೋಗಿ ಒಕ್ಕಲುಮಕ್ಕಳ ಹಾಡುಗಳನ್ನು ಸಂಗ್ರಹಿಸತೊಡಗಿದನು. ಛತ್ರದ ಸಂಗೀತಕ್ಕಿಂತ ಪ್ರಾಚೀನವಾದ ಪದರವೊಂದು ಜನಪದದಲ್ಲಿ ಉಂಟೆಂಬುದು ಇವರಿಬ್ಬರ ಶೋಧನೆಯಿಂದ ಸ್ಥಿರಪಟ್ಟಿತು.

ಅದೇ ಕೊದಾಯ್ ೧೯೩೩ರಲ್ಲಿ, ಬುಡಾಪೆಸ್ಟಿನ ಫಿಲ್‌ಹಾರ್ಮೋನಿಕ್ ಸಂಘದ ಎಂಬತ್ತನೆಯ ವರ್ಷದ ಉತ್ಸವಕ್ಕಾಗಿ ‘ಗಲಾಂತಾ ನೃತ್ಯಗಳು’ ಎಂಬ ವಾದ್ಯವೃಂದದ ಕೃತಿಯನ್ನು ರಚಿಸಿದನು. ಇಂದು ಸ್ಲೊವಾಕಿಯಕ್ಕೆ ಸೇರಿರುವ ಗಲಾಂತಾ ಅಂದು ಹಂಗೇರಿ ರಾಜ್ಯದ ಒಂದು ಸಣ್ಣ ಪೇಟೆ. ಅವನ ತಂದೆ ಅಲ್ಲಿ ರೈಲು ನಿಲ್ದಾಣದ ಅಧಿಕಾರಿ. ೧೮೮೫ರಿಂದ ೧೮೯೨ರ ವರೆಗೆ ಬಾಲಕ ಬೆಳೆದುದು ಅಲ್ಲಿಯೇ. ಆ ಊರಿನ ಜಿಪ್ಸಿ ಮೇಳವೇ ತನ್ನ ಕಿವಿಗೆ ಬಿದ್ದ ಮೊದಲ ವಾದ್ಯವೃಂದವೆಂದೂ ಆ ಮೇಳ ಈಗ ಕಣ್ಮರೆಯಾಗಿದೆಯೆಂದೂ ಕೃತಿಯ ಪೀಠಿಕೆಯಲ್ಲಿ ಅವನು ತಿಳಿಸಿದನು. ಇದಿಷ್ಟೇ ಆಗಿದ್ದರೆ ಕೇವಲ ಭಾವುಕತೆಯೆಂದು ತಳ್ಳಿಹಾಕಬಹುದಿತ್ತು. ಆದರೆ ಕ್ರಿ.ಶ. ೧೮೦೦ರ ಸುಮಾರಿಗೆ ವಿಯೆನ್ನಾದಲ್ಲಿ ಅಚ್ಚಾದ ಹಂಗೇರಿಯ ನೃತ್ಯಸಂಗ್ರಹವೊಂದರಲ್ಲಿ ಗಲಾಂತಾದ ಜಿಪ್ಸಿಗಳಿಂದ ಪಡೆದ ಮಟ್ಟುಗಳಿದ್ದವು. ಕೃತಿಯ ಮುಖ್ಯ ಮಟ್ಟುಗಳನ್ನು ಕೊದಾಯ್ ಅಲ್ಲಿಂದಲೇ ಆರಿಸಿಕೊಂಡನು.

ಇಲ್ಲಿ ನೆನಪೂ ಲಿಖಿತಾಧಾರವೂ ಒಂದನ್ನೊಂದು ಸಂಧಿಸುತ್ತವೆ; ಆದರೆ ಒಂದೇ ಮಾತನ್ನು ಹೇಳುವುದಿಲ್ಲ. ಮುದ್ರಿತ ಪುಸ್ತಕದಿಂದ ಸ್ವರಗಳು ತಿಳಿಯುತ್ತವೆ. ನುಡಿಸಿದವರ ಕೈಯ ಒನಪು ತಿಳಿಯದು. ಬಾಲಕನ ನೆನಪಿನಿಂದ ನಾದದ ಬಣ್ಣ ತಿಳಿಯುತ್ತದೆ. ತೊಂಬತ್ತು ವರ್ಷಗಳ ಹಿಂದಿನ ಮಟ್ಟುಗಳನ್ನೇ ಅವನು ಕೇಳಿದನೆಂದು ಅದರಿಂದ ಸಾಧಿಸಲಾಗದು. ಆದುದರಿಂದ ಬಾಲ್ಯಶ್ರವಣವನ್ನು ಘಟನೆಗೆ ಸಾಕ್ಷಿಯೆಂದಲ್ಲ, ಅನುಭವಕ್ಕೆ ಸಾಕ್ಷಿಯೆಂದು ಸ್ವೀಕರಿಸತಕ್ಕದ್ದೆಂಬುದು ನಮ್ಮ ಅಭಿಪ್ರಾಯ. ಈ ಮಿತಿಯೊಳಗೆ ಅದರ ಬೆಲೆ ಕಡಮೆಯದಲ್ಲ. ಜಿಪ್ಸಿ ವಾದನವನ್ನು ಜನಪದಗೀತದಿಂದ ಬೇರ್ಪಡಿಸಿ ತೋರಿದ ವಿದ್ವಾಂಸನೇ ತನ್ನ ಕಿವಿಯ ಮೊದಲ ಋಣವನ್ನು ಮುಚ್ಚಿಡಲಿಲ್ಲವಷ್ಟೆ.

ಗಿರಾಕಿಯ ಮೇಜಿನ ಬಳಿ ನಿಂತು ನುಡಿಸಿದವರ ಹೆಸರುಗಳು ಸರ್ಕಾರದ ದಫ್ತರಗಳಲ್ಲಿ ಸಿಕ್ಕುವುದು ಅಪರೂಪ. ಕೇಳಿದವರು ಬದುಕಿರುವಾಗಲೇ ಅವರ ನೆನಪನ್ನು ಬರೆದುಕೊಂಡು, ಬಳಿಕ ಅಚ್ಚಿನ ಆಧಾರದೊಡನೆ ಒರೆಗೆ ಹಚ್ಚುವುದು ಚರಿತ್ರೆಯ ವಿದ್ಯಾರ್ಥಿಗಳಿಗೆ ಸಾಧ್ಯವಾದ ಕೆಲಸ. ತಡಮಾಡಿದರೆ ಒರೆಗಲ್ಲು ಮಾತ್ರ ಉಳಿದೀತು, ಚಿನ್ನ ಉಳಿಯದು.