ಗೇರುಗಳ ನಡುವಣ ಅಂತರ

ಟ್ರಾಕ್ಟರಿನ ಚರಿತ್ರೆಯನ್ನು ಹೇಳುವವರು ಸಾಮಾನ್ಯವಾಗಿ ಅಶ್ವಶಕ್ತಿಯಿಂದಲೇ ಮೊದಲು ಮಾಡುತ್ತಾರೆ. ಉಳುವವನಿಗೆ ಅದಕ್ಕಿಂತಲೂ ಮುಖ್ಯವಾದುದು ಆ ಶಕ್ತಿ ಯಾವ ವೇಗದಲ್ಲಿ ಚಕ್ರಕ್ಕೆ ಇಳಿಯುತ್ತದೆಂಬುದು. ನೇಗಿಲು ನೆಲದಲ್ಲಿ ಹೂತಿರುವಾಗ ಕ್ಲಚ್ಚನ್ನು ಒತ್ತಿದರೆ ಯಂತ್ರ ಅಲ್ಲಿಯೇ ನಿಲ್ಲುತ್ತದೆ. ಓಡುತ್ತಿರುವಾಗಲೇ ಗೇರು ಬದಲಿಸುವ ಸೌಕರ್ಯ ಹಳೆಯ ಟ್ರಾಕ್ಟರುಗಳಲ್ಲಿ ಇರಲಿಲ್ಲ. ಆದುದರಿಂದ ಸಾಲು ಹಿಡಿಯುವ ಮೊದಲೇ ತಕ್ಕ ಗೇರನ್ನು ಆರಿಸಿಕೊಳ್ಳಬೇಕಾಗಿತ್ತು. ತಕ್ಕ ಗೇರೇ ಇಲ್ಲದಿದ್ದರೆ ಮಾಡುವುದೇನು?

1939ರ ಫೋರ್ಡ್ 9ಎನ್ ಮಾದರಿಗೆ ಮುಂದಕ್ಕೆ ಮೂರೇ ಗೇರು. ಅವುಗಳ ವೇಗ ಗಂಟೆಗೆ ಸುಮಾರು 4, 5 ಮತ್ತು 12 ಕಿಲೋಮೀಟರು. ಹಗುರವಾದ ನೆಲದಲ್ಲಿ 7 ಅಥವಾ 8ರ ವೇಗ ಬಯಸಿದವನಿಗೆ ಅಲ್ಲಿ ದೊರೆಯುತ್ತಿದ್ದುದು ಬರಿಯ ಕಂದರ. 1946ರ ಫರ್ಗುಸನ್ ಟಿಇ20 ಮತ್ತು 1947ರ ಫೋರ್ಡ್ 8ಎನ್ ಎರಡೂ ನಾಲ್ಕು ಗೇರುಗಳೊಡನೆ ಬಂದವು. ಜೊತೆಗಾರರಾಗಿದ್ದು ಅನಂತರ ನ್ಯಾಯಾಲಯದ ಮೆಟ್ಟಿಲೇರಿದ ಹ್ಯಾರಿ ಫರ್ಗುಸನ್ ಮತ್ತು ಫೋರ್ಡ್ ಕಂಪೆನಿ ಇದೊಂದರಲ್ಲಿ ಏಕಾಭಿಪ್ರಾಯದವರಾಗಿದ್ದುದು ವಿನೋದವೇ ಸರಿ. 1939ರಲ್ಲಿಯೇ ಬಂದ ಫಾರ್ಮಾಲ್ ಎಂ ಮಾದರಿಗೆ ಐದು ಗೇರುಗಳಿದ್ದವು. ಆದರೆ ನಾಲ್ಕನೆಯದು 8, ಐದನೆಯದು 26 ಕಿಲೋಮೀಟರು! ಐದನೆಯದು ರಬ್ಬರು ಚಕ್ರದ ರಸ್ತೆಯ ಓಟಕ್ಕೆಂದೇ ಇದ್ದುದು. 1954ರ ಸೂಪರ್ ಎಂ-ಟಿಎ ಒಂದು ಸನ್ನೆಯನ್ನು ಎಳೆದೊಡನೆ, ನಿಲ್ಲದೆಯೇ, ವೇಗವನ್ನು ಮೂರನೆಯ ಒಂದು ಪಾಲಿನಷ್ಟು ತಗ್ಗಿಸುವ ಉಪಾಯವನ್ನು ತಂದಿತು.

ದಕ್ಷಿಣ ಭಾರತದ ಮಟ್ಟಿಗೆ ಹೆಚ್ಚು ಪರಿಣಾಮಕಾರಿಯಾದುದು ಮ್ಯಾಸಿ ಫರ್ಗುಸನ್ 35. ಮ್ಯಾಸಿ ಫರ್ಗುಸನ್ನಿನ ಸಹಯೋಗದಿಂದ 1960ರಲ್ಲಿ ಮದ್ರಾಸಿನಲ್ಲಿ ಟೇಫೆ ಸಂಸ್ಥೆ ಸ್ಥಾಪಿತವಾಯಿತು. ದೊಡ್ಡಬಳ್ಳಾಪುರದಲ್ಲಿಯೂ ಅದರ ಕಾರ್ಖಾನೆ ಮುಂದೆ ನೆಲೆಗೊಂಡಿತು. 35ರಲ್ಲಿ ಮೂರು ಗೇರಿನ ಪೆಟ್ಟಿಗೆಗೆ ವೇಗವನ್ನು ನಾಲ್ಕನೆಯ ಒಂದು ಭಾಗಕ್ಕೆ ಇಳಿಸುವ ಹಲ್ಲುಚಕ್ರಗಳ ಜೋಡಣೆಯೊಂದನ್ನು ಸೇರಿಸಿ ಆರು ಗೇರು ಮಾಡಿದ್ದರು. ಅತಿ ಕೆಳಗಿನದು ಮನುಷ್ಯನ ನಡಿಗೆಗಿಂತಲೂ ನಿಧಾನ. ಭತ್ತದ ಗದ್ದೆಗೆ ಬೇಕಾದುದು ಇದೇ. ಹಿಂದಿನ ದಂಡ ನಿಮಿಷಕ್ಕೆ 540 ಸುತ್ತು ತಿರುಗುತ್ತಿರುವಾಗ ನೆಲದ ಮೇಲಿನ ವೇಗ ಅರ್ಧವಾದರೆ ರೋಟವೇಟರಿನ ಅಲಗುಗಳು ಅಷ್ಟೇ ನೆಲವನ್ನು ಇಮ್ಮಡಿ ಸಲ ಕೊಚ್ಚುತ್ತವೆ; ತುಂಗಭದ್ರೆಯ ಬಯಲಿಗಾಗಲಿ ಆಂಧ್ರದ ಕರಾವಳಿಗಾಗಲಿ ಇದರಿಂದ ನುಣ್ಣನೆಯ ಕೆಸರು ದೊರೆಯುತ್ತದೆ.

ಗದ್ದೆ ಮುಗಿದ ಮೇಲೆ ಟ್ರೇಲರನ್ನು ಎಳೆಯುವ ಕೆಲಸವೂ ಅದೇ ಯಂತ್ರದ್ದು. ವಿಶಾಖಪಟ್ಟಣದ ಅಂಚಿನ ಪೆಂಡುರ್ತಿಯಂಥ ಊರಿನಲ್ಲಿ ಹೊಲಕ್ಕೂ ನಗರದ ರಸ್ತೆಗೂ ನಡುವೆ ಹೆಚ್ಚು ದೂರವಿಲ್ಲ. ಪೂರ್ವಘಟ್ಟದ ಗುಡ್ಡಗಳೂ ಸಮೀಪವೇ. ಹೊರೆ ಹೊತ್ತು ಇಳಿಜಾರಿಗೆ ಬಂದ ಮೇಲೆ ಮೇಲಿನ ಗೇರಿನಿಂದ ಕೆಳಗಿನದಕ್ಕೆ ಬರಲು ಹೋದವನಿಗೆ ಎರಡೂ ಕೈತಪ್ಪುವುದುಂಟು: ಮೊದಲಿನದು ಬಿಡಿಸಿಕೊಳ್ಳುತ್ತದೆ, ಎರಡನೆಯದು ಕಚ್ಚಿಕೊಳ್ಳುವುದಿಲ್ಲ. ಆಗ ಎಂಜಿನಿನ ತಡೆ ಇಲ್ಲದೆ ಟ್ರೇಲರಿನ ಭಾರವೆಲ್ಲ ಟ್ರಾಕ್ಟರಿನ ಬ್ರೇಕುಗಳ ಮೇಲೆ ಬೀಳುತ್ತದೆ. ಬಲ್ಲ ಚಾಲಕರು ಇಳಿಜಾರಿನ ನೆತ್ತಿಯಲ್ಲಿ ಒಮ್ಮೆ ನಿಲ್ಲಿಸಿ, ಕೆಳಗಿನ ಗೇರಿಗೆ ಹಾಕಿಕೊಂಡೇ ಹೊರಡುತ್ತಾರೆ.